ಕೇರಿಯ ಬಾವಿ, ಪೇಟೆಯ ಹೊಲಸು

ಬಳ್ಳಾರಿ ಪೇಟೆಯ ದೊಡ್ಡ ಮನುಷ್ಯರಿಗೆ ತಮ್ಮ ಬಚ್ಚಲ ನೀರು ತಮ್ಮ ಮೂಗಿಗೆ ಬಡಿಯಬಾರದು, ಅಷ್ಟೇ. ಬೇರೆ ಯಾರ ಮೂಗಿಗೆ ಬಡಿದರೂ ಚಿಂತೆಯಿಲ್ಲ. ೧೮೯೦ರ ಆಸುಪಾಸಿನಲ್ಲಿ ಅವರೆಲ್ಲ ಚಂದಾ ಎತ್ತಿ, ಊರಾಚೆಯ ಕೇರಿಯ ಮೇಲ್ಬದಿಗೆ, ಕಪ್ಪು ಎರೆಮಣ್ಣಿನ ಹೊಲದಲ್ಲಿ ಹೊಲಸು ನೀರಿನ ತೊಟ್ಟಿ ಕಟ್ಟಿಸಿದರು. ಅದರ ಇಳಿಜಾರಿನಲ್ಲೇ ಒಂದು ಬಾವಿ. ಕೇರಿಯ ಉಚ್ಚೆಂಗೆಮ್ಮ ಹರೆಯದಲ್ಲಿ ಗಂಡ ದುರುಗಣ್ಣನ ಜೊತೆ ತೋಡಿದ್ದು. ಗಂಡ ತೀರಿಕೊಂಡಿದ್ದ, ಬಾವಿ ಉಳಿದಿತ್ತು. ಪೇಟೆಯ ಬಾವಿಗಳ ಹತ್ತಿರಕ್ಕೂ ಕೇರಿಯವರನ್ನು ಬಿಡುತ್ತಿರಲಿಲ್ಲ. ಕುಡಿಯಲು ಇದೊಂದೇ ಗತಿ.

ತೊಟ್ಟಿಯ ಕೆಲಸ ನಡೆದದ್ದು ಕಡುಬೇಸಿಗೆಯಲ್ಲಿ. ಬಿಸಿಲಿಗೆ ಒಣಗಿದ ಎರೆಮಣ್ಣು ಕಲ್ಲಿನಷ್ಟು ಬಿರುಸು. ಓವರ್ಸಿಯರ್ ಪ್ರಾಣೇಶರಾಯರು, ಕೇರಿಯ ಆಳುಗಳು ನಿಂತ ಗುಂಡಿಗೆ ಇಳಿದರೆ ಮೈಲಿಗೆಯೆಂದು, ದಂಡೆಯ ಮೇಲೆಯೇ ಕೊಡೆ ಹಿಡಿದು ನಿಂತರು. ಗುದ್ದಲಿ ಠಣ್ಣೆಂದದ್ದು ಕೇಳಿಸಿತು.

"ಬಂಡೆಗಲ್ಲು ಹತ್ತಿತು, ಸಾಕು ಬಿಡ್ರಿ" ಎಂದರು. ಅದರ ಮೇಲೆಯೇ ಗೋಡೆ ಎದ್ದಿತು.

ಮಳೆ ಬಿತ್ತು. ರಾಯರ ಬಂಡೆಗಲ್ಲು ನೀರು ಕುಡಿದು ಉಬ್ಬಿತು, ಆಮೇಲೆ ಕಲಸಿದ ಹಿಟ್ಟಿನಂತೆ ಮೆತ್ತಗಾಗಿ ಒಂದು ಮೂಲೆ ಕುಸಿಯಿತು. ಗೋಡೆ ಬಿರಿದು ಪೇಟೆಯ ಹೊಲಸೆಲ್ಲ ಬಾವಿಗೆ ಇಳಿಯಿತು. ಕೇರಿಯಲ್ಲಿ ವಾಂತಿಭೇದಿ ಹತ್ತಿ ಎರಡು ಕೂಸುಗಳನ್ನು ಹೂತದ್ದಾಯಿತು. ಉಚ್ಚೆಂಗೆಮ್ಮ ರಾಯರ ಮನೆಯ ಮುಂದೆ ದೂರ ನಿಂತು ಕೂಗಿ ಹೇಳಿದರೆ, ಒಳಗಿನಿಂದಲೇ ಉತ್ತರ ಬಂತು: "ಮಳಿ ನಿಲ್ಲಲಿ, ನೋಡೋಣ."

ಅವಳ ಪಿತ್ತ ನೆತ್ತಿಗೇರಿತು. ಏರದೆ ಇನ್ನೇನು? ಸೀದಾ ಹೋಗಿ, ತೊಟ್ಟಿಗೆ ಬರುವ ಕಾಲುವೆಗೆ ಕಲ್ಲು ತುಂಬಿ, ಹಸಿ ಎರೆಮಣ್ಣು ಮೆತ್ತಿ ಮುಚ್ಚಿಬಿಟ್ಟಳು. ಸಂಜೆಯೊಳಗೆ ಹೊಲಸು ಹಿಂದಕ್ಕೆ ಸರಿದು ಪೇಟೆಯ ಬೀದಿಯಲ್ಲಿ ನಿಂತಿತು. ರಾಯರ ತುಳಸಿಕಟ್ಟೆಯನ್ನೂ ಬಿಡಲಿಲ್ಲ.

ರಾಯರು ಓಡಿ ಬಂದರು. "ತೆಗೀತೀಯೋ, ಪೊಲೀಸರನ್ನ ಕರಸ್ಲೋ?"

"ಕರಸ್ರಿ. ಹೊಲಸಿಗಿ ಅವ್ರ ಕೈನ ಹಾಕಸ್ರಿ. ನಮ್ಮ ಕೇರ್ಯಾಗ ಒಬ್ರೂ ಮುಟ್ಟಂಗಿಲ್ಲ" ಎಂದಳು ಉಚ್ಚೆಂಗೆಮ್ಮ. "ಮೊದ್ಲು ಆ ಕುಸಿದ ಗುಂಡಿಗಿ ಇಳೀರಿ, ಸ್ವಾಮಿ. ನಿಮ್ಮ ಬಂಡೆಗಲ್ಲು ಎಲ್ಲೈತಿ, ತೋರಸ್ರಿ."

ಕೇರಿಯವರನ್ನು ಬಿಟ್ಟರೆ ಹೊಲಸಿಗೆ ಕೈ ಹಾಕುವವರು ಪೇಟೆಯಲ್ಲಿ ಬೇರೆ ಯಾರಿದ್ದರು? ರಾಯರು ಇಳಿದರು. ಮೊಣಕಾಲ ತನಕ ಹೂತುಹೋದರು. ಯಾರೂ ನಗಲಿಲ್ಲ, ಕೂಸು ಕಳೆದುಕೊಂಡ ತಾಯಂದಿರು ಅಲ್ಲೇ ನಿಂತಿದ್ದರು.

ಪೇಟೆಯವರು ಹೊಲಸನ್ನು ಬೇರೆ ಕಡೆ ತಿರುಗಿಸಿ, ತೊಟ್ಟಿ ಒಡೆಸಿ, ಎರೆ ಮುಗಿದು ಕಲ್ಲುಹರಳಿನ ಗಟ್ಟಿ ಗರಸು ನೆಲ ಸಿಗುವ ತನಕ ತೋಡಿಸಿ, ಅಗಲ ಚಪ್ಪಡಿ ಹಾಸಿ ಮತ್ತೆ ಗೋಡೆ ಎಬ್ಬಿಸಿದರು. ಕೇರಿಯವರು ಬಾವಿಯ ನೀರನ್ನೆಲ್ಲ ಎತ್ತಿ ಚೆಲ್ಲಿ, ತಳ ಬಳಿದರು. ಹೊಸ ನೀರು ತಿಳಿಯಾಗಿಯೇ ಬಂತು. ಆದರೆ ಕುಡಿಯಲು ಯಾರಿಗೂ ಧೈರ್ಯವಿಲ್ಲ.

ಉಚ್ಚೆಂಗೆಮ್ಮ ಚೆಂಬು ತುಂಬಿಸಿ ಗಟಗಟ ಕುಡಿದಳು. "ನಾಳಿ ನಾ ಎದ್ರ ನಿಮ್ಮ ಮಕ್ಳಿಗಿ ಕುಡಸ್ರಿ. ಏಳಲಿಲ್ಲಂದ್ರ ನನ್ನ ಹೆಣಾನ ಒಯ್ದು ರಾಯರ ಬಾಗಿಲಿಗಿ ಹಾಕ್ರಿ."

ಕೇರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಮೂಡಣ ಬೆಳ್ಳಗಾಗುವಾಗ ಅವಳ ಗುಡಿಸಲಿನಿಂದ ಓವರ್ಸಿಯರನ ವಂಶವನ್ನೇ ಎತ್ತಿ ಬೈಯುವ ದನಿ ಕೇಳಿಸಿತು. ಹೆಂಗಸರು ಕೊಡ ಎತ್ತಿಕೊಂಡು ಬಾವಿಗೆ ಓಡಿದರು.