ಈರುಳ್ಳಿಯ ಒಳಪೊರೆ

ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ ಸಾಮಾನಿನ ಲಾರಿಯಲ್ಲೇ ನಮ್ಮ ಮನೆಯ ಸಂವಿಧಾನವೂ ಮೈಸೂರಿನಿಂದ ಬಂತು. ಅದರ ಮೊದಲ ಕಲಮು: ಈರುಳ್ಳಿ ಹೊಸ್ತಿಲು ದಾಟತಕ್ಕದ್ದಲ್ಲ. ಸರ್ವೋಚ್ಚ ನ್ಯಾಯಾಲಯ ನಮ್ಮಮ್ಮ. ಬ್ಯಾಂಕಿದ್ದ ದ್ವಾರಕಾ ನಗರ ಬಡಾವಣೆಯ ಹೋಟೆಲುಗಳಲ್ಲಿ ನಾನು ಏನು ತಿನ್ನುತ್ತಿದ್ದೆ ಎಂಬುದು ಆ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತಿರಲಿಲ್ಲ, ಬರದಂತೆ ನೋಡಿಕೊಂಡಿದ್ದೆ.

ಎಂಬತ್ತರ ದಶಕದ ಕೊನೆ. ಮಗಳು ಒಂಬತ್ತನೆಯ ಕ್ಲಾಸು, ನನ್ನ ವರ್ಗದ ದೆಸೆಯಿಂದ ವರ್ಷದ ನಡುವೆ ಹೊಸ ಶಾಲೆ ಸೇರಿದವಳು. ಒಂದು ಶನಿವಾರ ಮುಖ ಊದಿಸಿಕೊಂಡು ಬಂದಳು. ಸಸ್ಯದ ಜೀವಕೋಶ ನೋಡಲು ಈರುಳ್ಳಿಯ ಒಳಪೊರೆ ಬಿಡಿಸಿ ಗಾಜಿನ ಸ್ಲೈಡಿನ ಮೇಲೆ ಹರಡಬೇಕಂತೆ. ಇವಳದು ಎರಡು ಸಲವೂ ಹರಿದು ಚಿಂದಿ. ಸೋಮವಾರ ಕೊನೆಯ ಅವಕಾಶ, ಅದಕ್ಕೇ ಮಾರ್ಕ್ಸು.

"ಎಲ್ಲರ ಮನೇಲೂ ದಿನಾ ಈರುಳ್ಳಿ ಬಿಡಿಸ್ತಾರೆ ಅಪ್ಪಾ. ನಾನು ಮುಟ್ಟಿದ್ದೇ ಮೊನ್ನೆ. ಕ್ಲಾಸಲ್ಲಿ ನಗ್ತಾರೆ."

ಹೆಂಡತಿಯ ಕಡೆ ನೋಡಿದೆ. "ನಾನೇನೂ ಕೇಳಿಸಿಕೊಳ್ಳಲಿಲ್ಲಪ್ಪ" ಎಂದು ಅಡುಗೆಮನೆಗೆ ಹೋದಳು. ಮಂಜೂರಾತಿ ಸಿಕ್ಕಂತಾಯಿತು.

ಭಾನುವಾರ ಬೆಳಿಗ್ಗೆ ಅಮ್ಮ ಪೂಜೆಗೆ ಕೂತ ಮೇಲೆ ಕೆಳಗಿಳಿದೆ. ಕೆಳಗಿನ ಮನೆಯ ಓನರಮ್ಮ ತೆಲುಗಿನವರು, ಧಾರಾಳಿ; ಕಾರಣ ಕೇಳದೆ ಆರು ಈರುಳ್ಳಿ ಕೊಟ್ಟರು. ಪೇಪರಿನಲ್ಲಿ ಸುತ್ತಿ ನಾನೂ ಮಗಳೂ ಹೊರಗಿನ ಮೆಟ್ಟಿಲಿನಿಂದ ನೇರವಾಗಿ ತಾರಸಿಗೆ ಸಾಗಿಸಿದೆವು. ಹೊಸ್ತಿಲು ದಾಟಿರಲಿಲ್ಲ, ಕಲಮಿಗೆ ಅಕ್ಷರಶಃ ಭಂಗ ಬರಲಿಲ್ಲ.

ಮೂರು ಈರುಳ್ಳಿ ಹುತಾತ್ಮವಾದವು. ಉಗುರಿನಿಂದ ಕೆರೆದರೆ ಪೊರೆ ಹರಿಯುತ್ತಿತ್ತು, ಬ್ಲೇಡಿನಿಂದ ಎತ್ತಿದರೆ ತಿರುಳೂ ಜೊತೆಗೇ ಬರುತ್ತಿತ್ತು. ಇಬ್ಬರ ಕಣ್ಣಲ್ಲೂ ನೀರು. ಮಗಳದು ಅರ್ಧ ನಿಜವಾದ ಅಳು.

ಆಗ ಅಂಗಳದಿಂದ ಓನರಮ್ಮನ ಕಂಠ, ಬಂದರಿನ ಹಡಗಿಗೂ ಕೇಳುವಂತೆ: "ಸಾರ್! ಉಲ್ಲಿಪಾಯಲು ಸರಿಪೋಯಾಯಾ? ಇಂಕಾ ಇಮ್ಮಂಟಾರಾ?" ಈರುಳ್ಳಿ ಸಾಕಾಯಿತೇ, ಇನ್ನೂ ಕೊಡಲೇ ಎಂಬ ಆ ಸೌಜನ್ಯವನ್ನು ಅರ್ಥಮಾಡಿಕೊಳ್ಳುವಷ್ಟು ತೆಲುಗು ನಮ್ಮಮ್ಮನಿಗೆ ಅಷ್ಟರಲ್ಲಿ ಬಂದಿತ್ತು.

ಮೆಟ್ಟಿಲಿನ ಮೇಲೆ ಹೆಜ್ಜೆ. ಮೂಗಿಗೆ ಸೆರಗು ಹಿಡಿದು ನ್ಯಾಯಾಲಯ ಪ್ರತ್ಯಕ್ಷವಾಯಿತು.

"ಏನೋ ಇದು?"

"ಸೈನ್ಸು, ಅಮ್ಮ."

"ಸೈನ್ಸಿಗೆ ಬೇರೆ ತರಕಾರಿ ಸಿಗಲಿಲ್ವೇನೋ?"

ಮಗಳು ಬಿಕ್ಕುತ್ತಲೇ ಎಲ್ಲ ಹೇಳಿದಳು. ಸೋಮವಾರದ ಪರೀಕ್ಷೆ, ಗಿಡದ ಒಂದೊಂದು ಕೋಶಕ್ಕೂ ಇರುವ ಗೋಡೆ, ಒಳಗೆ ರಸ ತುಂಬಿದ ಕೋಣೆ. ಈರುಳ್ಳಿಯ ಘಾಟಿಗೆ ಬೇಕಾದ ಎರಡು ಪದಾರ್ಥಗಳಲ್ಲಿ ಒಂದು ಆ ಕೋಣೆಯಲ್ಲಿ, ಇನ್ನೊಂದು ಹೊರಗೆ. ಕೊಯ್ದಾಗ ಕೋಶ ಒಡೆದು ಎರಡೂ ಸೇರಿದರೇನೇ ವಾಸನೆ, ಕಣ್ಣೀರು. ಟೀಚರ್ ಹೇಳಿದ್ದಂತೆ.

ಅಮ್ಮ ಯೋಚಿಸಿದರು. "ಅಂದ್ರೆ ಕೊಯ್ಯೋ ತನಕ ಅದು ಸಂಭಾವಿತ ಅನ್ನು."

"ಹೂಂ ಅಜ್ಜಿ."

"ಮತ್ತೆ ಆ ಪಾಪದ್ದನ್ನ ಬೆಕ್ಕಿನ ಹಾಗೆ ಯಾಕೆ ಪರಚ್ತೀಯೇ? ಹುರುಳಿಕಾಯಿ ನಾರು ತೆಗೆಯೋವಾಗ ಪರಚ್ತೀವಾ? ತುದಿ ಲಟಕ್ಕಂತ ಮುರಿದು ಎಳೀತೀವಿ."

ಎರಡು ಮಾರು ದೂರ ನಿಂತೇ ಪಾಠ ಶುರುವಾಯಿತು. ಐವತ್ತು ವರ್ಷ ತರಕಾರಿ ಬಿಡಿಸಿದ ಬೆರಳುಗಳು ಗಾಳಿಯಲ್ಲಿ ಆಡಿದವು.

"ತುಂಡು ಬಗ್ಗಿಸು. ಮುರಿ. ಪೂರ್ತಿ ಬೇಡವೇ! ಪೊರೆ ತೂಗಾಡ್ತಾ ಇದೆಯಾ? ಈಗ ಎಳಿ. ನಿಧಾನ. ಉಸಿರು ಬಿಡಬೇಡ."

ಮೂವರೂ ಉಸಿರು ಬಿಡಲಿಲ್ಲ. ಪೊರೆ ಇಡಿಯಾಗಿ ಬಂತು. ಪೇಪರಿನ ಮೇಲೆ ಹರಡಿದರೆ ಕೆಳಗಿನ ತೆಲುಗು ಅಕ್ಷರ ಸ್ವಚ್ಛವಾಗಿ ಕಾಣುತ್ತಿತ್ತು. ಮಗಳು ಇನ್ನೂ ನಾಲ್ಕು ಸಲ ತೆಗೆದಳು, ಒಂದೂ ಹರಿಯಲಿಲ್ಲ.

ಅಮ್ಮ ಎರಡನೆಯ ಸ್ನಾನಕ್ಕೆ ಹೊರಟರು. ಮೆಟ್ಟಿಲಲ್ಲಿ ನಿಂತು, "ನೀನೂ ಸ್ನಾನ ಮಾಡು. ಹೋಟೆಲಿನ ವಿಷಯ ಊಟ ಆದಮೇಲೆ ಮಾತಾಡೋಣ" ಎಂದರು.

ಸೋಮವಾರ ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಕೂಗಿದಳು: "ಕಾಣಿಸ್ತು ಅಜ್ಜಿ! ಇಟ್ಟಿಗೆ ಜೋಡಿಸಿದ ಹಾಗೆ! ಒಂದೊಂದರಲ್ಲೂ ಒಂದು ಚುಕ್ಕಿ. ಎಲ್ಲರೂ ಸಾಲಾಗಿ ನಿಂತು ನನ್ನ ಸ್ಲೈಡೇ ನೋಡಿದ್ರು. ಹತ್ತಕ್ಕೆ ಒಂಬತ್ತು!"

"ಒಂದು ಎಲ್ಲಿ ಹೋಯ್ತು?"

"ಗಾಜಿನ ಕೆಳಗೆ ಗಾಳಿಗುಳ್ಳೆ ಸೇರ್ಕೊಂಡಿತ್ತು ಅಜ್ಜಿ."

ಅಮ್ಮ ನನ್ನ ಕಡೆ ತಿರುಗಿದರು. "ಸಮುದ್ರದ ಊರು, ಗಾಳಿ ಬರದೆ ಇರುತ್ತೇನೋ? ಆ ಟೀಚರಿಗೆ ಒಂದು ಕಾಗದ ಬರಿ."