ವೇದಾವತಿಗೆ ಸಿಗದ ಐದು ದಿನ

ಜಗದಾಂಬ ಮೇಡಂ ಜೊತೆ ನಾನು ಒಂಬತ್ತು ವರ್ಷದಿಂದ ಒಂದೇ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮಿಡಿಗೇಶಿ ದಾಟಿದ ಮೇಲೆ ಸಿಗುವ ಸಣ್ಣ ಊರಿನ ಸರ್ಕಾರಿ ಶಾಲೆ. ನಾವಿಬ್ಬರೇ ಟೀಚರುಗಳು, ಮೂವತ್ತೆಂಟು ಮಕ್ಕಳು. ಮಧುಗಿರಿಯಿಂದ ಬೆಳಗಿನ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹತ್ತುತ್ತೇವೆ. ಮೊದಮೊದಲು ನನಗೆ ಅವರನ್ನು ಕಂಡರೆ ಭಯವಿತ್ತು.

ಅವರು ಶಿರಾ ಕಡೆಯ ವ್ಯಾಪಾರಸ್ಥರ ಮನೆಯ ಹೆಣ್ಣುಮಗಳು. ಬೋರ್ಡಿನ ಮೇಲೆ ಬರೆದರೆ ಅಚ್ಚು ಹಾಕಿದಂತೆ ಇರುತ್ತದೆ. ಒಂದು ದಿನ ತಡವಾಗಿ ಬಂದವರಲ್ಲ, ಸುಮ್ಮನೆ ರಜೆ ಹಾಕಿದವರಲ್ಲ. ಪಾಠ ಎಂದರೆ ಅವರಿಗೆ ಒಂದೇ ದಾರಿ: ಹತ್ತು ಸಲ ಓದು, ಇಪ್ಪತ್ತು ಸಲ ಬರೆ. ಅದರಲ್ಲಿ ಬಂದವರು ಜಾಣರು, ಬಾರದವರು ದಡ್ಡರು. ಮಕ್ಕಳಿಗೆ ಹೊಡೆಯಬಾರದು ಎಂದು ಕಾನೂನು ಬಂದ ಮೇಲೆ ಅವರ ಕೈ ನಿಂತಿತ್ತು, ನಾಲಿಗೆ ನಿಂತಿರಲಿಲ್ಲ.

ಕೊರೊನಾ ಮುಗಿದು ಶಾಲೆಗಳು ಸರಿಯಾಗಿ ತೆರೆದ ವರ್ಷ, ಮಧುಗಿರಿಯಲ್ಲಿ ನಮಗೆ ಐದು ದಿನದ ತರಬೇತಿ ಇತ್ತು. ಓದಲು ಬರೆಯಲು ಹಿಂದುಳಿದ ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದು ವಿಷಯ. ತರಬೇತಿ ಎಂದರೆ ನಮ್ಮಲ್ಲಿ ಯಾರಿಗೂ ಗೌರವವಿಲ್ಲ. ಬೆಳಿಗ್ಗೆ ಸಹಿ, ಹನ್ನೊಂದಕ್ಕೆ ಟೀ, ಮಧ್ಯಾಹ್ನ ಚಿತ್ರಾನ್ನ, ಸಂಜೆ ಮತ್ತೆ ಸಹಿ. ಮೇಡಂ ಕೊನೆಯ ಸಾಲಿನಲ್ಲಿ ಕೂತು ಎರಡು ದಿನ ನಮ್ಮ ಮಕ್ಕಳ ನೋಟ್‌ಬುಕ್ಕುಗಳನ್ನೇ ತಿದ್ದಿದರು.

ಮೂರನೇ ದಿನ ಪ್ರಸನ್ನಕುಮಾರ್ ಎಂಬುವವರು ಬಂದರು. ಕೊರಟಗೆರೆ ಕಡೆಯ ಹಳ್ಳಿಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ಮೇಷ್ಟ್ರು. ಭಾಷಣ ಮಾಡಲಿಲ್ಲ. ಯಾವುದೋ ಮಗುವಿನ ನೋಟ್‌ಬುಕ್ಕಿನ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದರು. ಅದರಲ್ಲಿ ‘ಬಸವ’ ‘ಸಬವ’ ಆಗಿತ್ತು, ‘ನವಿಲು’ ‘ವಿನಲು’ ಆಗಿತ್ತು, ಕೆಲವು ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದವು.

“ಎಷ್ಟು ಅಂಕ ಕೊಡ್ತೀರಿ?” ಎಂದು ಕೇಳಿದರು.

“ಸೊನ್ನೆ,” ಎಂದರು ಜಗದಾಂಬ ಮೇಡಂ, ತಲೆ ಎತ್ತದೆ.

“ಸರಿ ಮೇಡಂ. ಇದರಲ್ಲಿ ಯಾವ ಅಕ್ಷರ ಬಿಟ್ಟುಹೋಗಿದೆ ಹೇಳಿ.”

ಮೇಡಂ ಕಾಗದ ಹತ್ತಿರ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. “ಯಾವುದೂ ಇಲ್ಲ,” ಎಂದರು.

“ಅಂದ್ರೆ ಮಗು ಎಲ್ಲಾ ಕೇಳಿಸಿಕೊಂಡಿದೆ. ಎಲ್ಲಾ ನೆನಪಿಟ್ಟುಕೊಂಡಿದೆ. ಕೇಳಿದ್ದಕ್ಕೂ ಬರೆಯೋದಕ್ಕೂ ನಡುವೆ ಅಕ್ಷರಗಳ ಜಾಗ ತಪ್ಪಿದೆ, ಅಷ್ಟೇ. ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ. ದಡ್ಡತನಕ್ಕೂ ಇದಕ್ಕೂ ಸಂಬಂಧ ಇಲ್ಲ.” ಆಮೇಲೆ ಅವರು ಏನು ಮಾಡಬೇಕೆಂದು ತೋರಿಸಿದರು. ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಅಕ್ಷರ ತೀಡಿಸುವುದು, ತೀಡುವಾಗಲೇ ಬಾಯಲ್ಲಿ ಹೇಳಿಸುವುದು, ಪದವನ್ನು ಚಪ್ಪಾಳೆ ಹೊಡೆದು ಬಿಡಿಸುವುದು, ಒಂದು ಗಟ್ಟಿಯಾಗುವ ತನಕ ಇನ್ನೊಂದಕ್ಕೆ ಹೋಗದಿರುವುದು. ದುಬಾರಿಯದು ಯಾವುದೂ ಇರಲಿಲ್ಲ, ಕಷ್ಟದ್ದೂ ಇರಲಿಲ್ಲ.

ಆ ಮಧ್ಯಾಹ್ನ ಮೇಡಂ ಊಟ ಮಾಡಲಿಲ್ಲ. ಉಳಿದ ಎರಡು ದಿನ ಮೊದಲ ಸಾಲಿನಲ್ಲಿ ಕೂತು ಒಂದು ಮಾತೂ ಬಿಡದೆ ಬರೆದುಕೊಂಡರು.

ಶಾಲೆಗೆ ಬಂದವರು ಬೇರೆಯೇ ಟೀಚರ್ ಆಗಿದ್ದರು. ನಾಲ್ಕನೇ ಕ್ಲಾಸಿನಲ್ಲಿ ಮೂವರು ಮಕ್ಕಳು ಒಂದು ಸಾಲು ಓದಲಾರದೆ ಕೂತಿದ್ದರು. ಅವರಿಗೆಂದು ಮೂರು ಸ್ಟೀಲ್ ತಟ್ಟೆ ತಂದು, ಹಳ್ಳದ ಮರಳು ಜರಡಿ ಹಿಡಿದು ತುಂಬಿದರು. ದಿನಾ ಮುಕ್ಕಾಲು ಗಂಟೆ, ಆ ಮೂವರ ಪಕ್ಕ ನೆಲದ ಮೇಲೆ ಕೂರುತ್ತಿದ್ದರು. ದೀಪಾವಳಿ ಹೊತ್ತಿಗೆ ಮಕ್ಕಳು ಪದ ಓದಿದರು, ಮಾರ್ಚಿಗೆ ಪಾಠ ಓದಿದರು. ಉಳಿದ ಮಕ್ಕಳಿಗೂ ಹಾಗೆಯೇ ಕಲಿಸಿದ್ದರಿಂದ ಆ ವರ್ಷ ಇಡೀ ಶಾಲೆಯ ಫಲಿತಾಂಶ ಮೇಲೆ ಬಂತು. ತಪಾಸಣೆಗೆ ಬಂದವರು, “ಏನ್ ಮಾಡಿದ್ರಿ ಮೇಡಂ, ಇವೇ ಮಕ್ಕಳಾ?” ಎಂದು ಕೇಳಿದರು.

ಆದರೆ ನಾನು ಒಂದು ವಿಚಿತ್ರ ನೋಡುತ್ತಿದ್ದೆ. ಒಂದೊಂದು ಮಗು ಓದಿದಾಗಲೂ ನಾವು ಚಪ್ಪಾಳೆ ಹೊಡೆಯುತ್ತಿದ್ದೆವು, ಮೇಡಂ ಮುಖ ಮಾತ್ರ ಬಾಡುತ್ತಿತ್ತು. ಪರೀಕ್ಷೆ ಮುಗಿದ ದಿನ ಬಸ್ಸಿಗೆ ಕಾಯುತ್ತಾ ನಾನು ಕೇಳಿಯೇ ಬಿಟ್ಟೆ.

“ಲೋಹಿತಾ, ಹುಲಿಕುಂಟೆ ಹತ್ತಿರ ನನ್ನ ಮೊದಲನೇ ಪೋಸ್ಟಿಂಗ್ ಇತ್ತು, ಗೊತ್ತಲ್ಲ. ಅಲ್ಲಿ ವೇದಾವತಿ ಅಂತ ಒಬ್ಬಳು ಹುಡುಗಿ ಇದ್ದಳು,” ಎಂದರು.

ಕೂಲಿ ಮಾಡುವ ದೊಡ್ಡರಂಗಯ್ಯನ ಮಗಳು. ಹಾಡು ಒಂದು ಸಲ ಕೇಳಿದರೆ ಸಾಕು, ಪೂರ್ತಿ ಹೇಳುತ್ತಿದ್ದಳಂತೆ. ಬಾಯಿಲೆಕ್ಕದಲ್ಲಿ ಅವಳ ಮುಂದೆ ಯಾರೂ ಇಲ್ಲ. ಬಳಪ ಹಿಡಿದರೆ ಮಾತ್ರ ಎಲ್ಲಾ ಹಿಂದುಮುಂದು. ಒಂದು ದಿನ ತನ್ನ ಹೆಸರನ್ನೇ ‘ವೇವದಾತಿ’ ಎಂದು ಬರೆದಳು. ಬೇಕೆಂದೇ ಹೀಗೆ ಮಾಡುತ್ತಾಳೆ ಎಂದು ಮೇಡಂಗೆ ಸಿಟ್ಟು. ಆ ಸ್ಲೇಟಿಗೆ ದಾರ ಕಟ್ಟಿ ಅವಳ ಕೊರಳಿಗೆ ಹಾಕಿ, ಎಲ್ಲಾ ಕ್ಲಾಸಿಗೂ ನಡೆಸಿದರು. ಶಾಲೆಯೆಲ್ಲಾ ನಕ್ಕಿತು. ಎರಡು ವರ್ಷದ ಮೇಲೆ, ಐದನೇ ಕ್ಲಾಸಿನಲ್ಲಿ ಅವರಪ್ಪನನ್ನು ಕರೆಸಿ, “ಸುಮ್ಮನೆ ಕಳಿಸ್ತಿದ್ದೀಯಪ್ಪ, ಇವಳದ್ದು ವಿದ್ಯೆ ಹತ್ತೋ ತಲೆ ಅಲ್ಲ,” ಎಂದರು. ಮರುದಿನದಿಂದ ಹುಡುಗಿ ಬರಲಿಲ್ಲ.

“ನಾನು ಹುಡುಕಿಕೊಂಡೂ ಹೋಗಲಿಲ್ಲ,” ಎಂದರು ಮೇಡಂ. “ಕ್ಲಾಸು ಹಗುರಾಯ್ತು ಅಂದುಕೊಂಡೆ.”

ಏಪ್ರಿಲ್ ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಆ ಊರಿಗೆ ಹೋದರು. ದೊಡ್ಡರಂಗಯ್ಯ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಹೆಂಡತಿ ಪಟಾಲಮ್ಮ ಬೇಲಿ ಪಕ್ಕ ಮೇಕೆಗೆ ಸೊಪ್ಪು ಕಟ್ಟುತ್ತಿದ್ದಳು. ಮೇಡಂ ಗುರುತು ಸಿಕ್ಕಿದ್ದೇ ಓಡಿಬಂದು ಕೈ ಹಿಡಿದುಕೊಂಡಳು. ವೇದಾವತಿಯನ್ನು ಪಾವಗಡದ ಆಚೆ ವಳ್ಳೂರಿಗೆ ಕೊಟ್ಟಿದ್ದಾಗಿ ಹೇಳಿದಳು.

“ನೀವು ಯೋಳಿದ್ದೇ ನಿಜ ಕಣಮ್ಮ,” ಎಂದಳು ಪಟಾಲಮ್ಮ. “ಅದುಕ್ಕೆ ವಿದ್ಯೆ ಹತ್ತೋದಲ್ಲ. ನೀವು ಬಾಯ್ಬುಟ್ಟು ಯೋಳಿದ್ಕೆ ಬೇಗ್ನೆ ಬುಡಿಸ್ಬುಟ್ವಿ. ಇಲ್ದಿದ್ರೆ ಇನ್ನೆಷ್ಟು ವರ್ಸ ಹೊಡ್ತ ತಿಂತಿತ್ತೋ! ನಿಮ್ಮಿಂದ ಒಳ್ಳೇದೇ ಆಯ್ತು.”

ಮೇಡಂ ಬೇಲಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಪಟಾಲಮ್ಮ ಬಿಸಿಲಿಗೆ ತಲೆ ಸುತ್ತಿರಬೇಕು ಎಂದುಕೊಂಡು ನೀರು ತರಲು ಓಡಿದಳು.

ಮುಂದಿನ ಭಾನುವಾರವೇ ವಳ್ಳೂರಿಗೆ ಹೋದೆವು. ಕಣ್ಣು ಹಾಯುವ ತನಕ ಸೋಲಾರ್ ಪ್ಯಾನೆಲ್ಲುಗಳು, ನಡುವೆ ಊರು. ವೇದಾವತಿಗೆ ಆಗ ಇಪ್ಪತ್ತೇಳು. ಪ್ಯಾನೆಲ್ಲುಗಳ ಕೆಳಗೆ ಬೆಳೆಯುವ ಹುಲ್ಲು ಕೊಯ್ಯುವ ಕೆಲಸ ಅವಳದು. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವಳು ಮೇಡಂ ಕಂಡ ಕೂಡಲೇ ಎದ್ದು ನಿಂತು ಕೈಕಟ್ಟಿದಳು. ಕ್ಲಾಸಿನಲ್ಲಿ ನಿಲ್ಲುವ ಹಾಗೆಯೇ. ಮೇಡಂ ಎಷ್ಟು ಹೇಳಿದರೂ ಅವರೆದುರು ಕೂರಲಿಲ್ಲ.

ಮೇಡಂ ಅವಳ ಕೈ ಹಿಡಿದು ಅತ್ತರು. “ತಪ್ಪಾಯ್ತಮ್ಮ. ನೀನು ದಡ್ಡಿ ಆಗಿರಲಿಲ್ಲ. ನನಗೇ ಕಲಿಸೋಕೆ ಬರ್ತಿರಲಿಲ್ಲ.”

ವೇದಾವತಿಗೆ ಅರ್ಥವಾಗಲಿಲ್ಲ. ನಾಚಿಕೊಂಡು ನಕ್ಕಳು. “ಬುಡಿ ಮಿಸ್, ನೀವ್ಯಾಕೆ ಅಳ್ತೀರಾ? ನನ್ ತಲೆ ಇರೋದೇ ಅಂಗೆ.” ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಎಂಟು ವರ್ಷದ ಮಗಳನ್ನು ಮುಂದಕ್ಕೆ ಎಳೆದಳು. “ಇವ್ಳು ಯಶಸ್ವಿನಿ. ಇದೂ ನನ್ನಂಗೇ ಮಿಸ್. ಒಂದ್ ಅಕ್ಸರ ನಿಲ್ಲಕಿಲ್ಲ. ಸುಮ್ಕೆ ಯಾಕೆ ಅವಮಾನ ಅಂತ, ಕೊರೊನಾದಲ್ಲಿ ಬುಟ್ಟಿದ್ದು ಮತ್ತೆ ಇಸ್ಕೂಲ್ಗೆ ಕಳಿಸ್ಲೇ ಇಲ್ಲ.”

ಮೇಡಂ ಕಣ್ಣೊರೆಸಿಕೊಂಡರು. “ಭಾನುವಾರ ಭಾನುವಾರ ನಾನು ಬರ್ತೀನಿ. ಇವಳಿಗೆ ಕಲಿಸೋಕೆ ಬಿಡಮ್ಮ,” ಎಂದರು.

“ನಿಮ್ಗ್ಯಾಕೆ ತೊಂದ್ರೆ ಮಿಸ್, ಯೋಳ್ಕೊಟ್ಟಿದ್ದು ಹತ್ತಲ್ಲ ಇವ್ಳಿಗೆ,” ಎಂದಳು ವೇದಾವತಿ. ಆದರೂ ಮಿಸ್ ಮಾತಿಗೆ ಇಲ್ಲವೆನ್ನಲು ಅವಳಿಗೆ ಬರುತ್ತಿರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಎರಡು ಬಸ್ಸು ಹತ್ತಿ ಇಳಿದು ಮೇಡಂ ವಳ್ಳೂರಿಗೆ ಹೋದರು. ಬಿಡುವಾದಾಗ ನಾನೂ ಹೋಗುತ್ತಿದ್ದೆ. ಆಂಧ್ರದ ಗಡಿಯ ಊರು, ಮಗುವಿಗೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ತೆಲುಗು. ಕನ್ನಡ ಅಮ್ಮನ ಜೊತೆ ಮಾತ್ರ. ಮೊದಲ ಎರಡು ತಿಂಗಳು ಮೇಡಂ ಅವಳ ಕೈಯಲ್ಲಿ ಒಂದು ಸಾಲೂ ಓದಿಸಲಿಲ್ಲ. ಮರಳಲ್ಲಿ ತೀಡಿಸಿದರು, ಚಪ್ಪಾಳೆ ಹೊಡೆಸಿದರು, ತಪ್ಪಿದಾಗ ಸುಮ್ಮನಿದ್ದು ಕಾದರು. ಕಾಯುವುದನ್ನು ಆ ವಯಸ್ಸಿನಲ್ಲಿ ಕಲಿತಿದ್ದರು.

ನವೆಂಬರ್ ತಿಂಗಳ ಒಂದು ಮಧ್ಯಾಹ್ನ. ನಾನೂ ಅಲ್ಲಿದ್ದೆ. ವೇದಾವತಿ ಒಳಗೆ ಮುದ್ದೆ ತಿರುವುತ್ತಿದ್ದಳು. ಜಗಲಿಯ ಮೇಲೆ ಯಶಸ್ವಿನಿ ಬೆರಳಿಟ್ಟುಕೊಂಡು ಪುಸ್ತಕ ಓದತೊಡಗಿದಳು. “ಅಳಿಲು ಮರ ಹತ್ತಿತು. ಮರದ ಮೇಲೆ ಅದರ ಗೂಡು ಇತ್ತು. ಗೂಡಿನಲ್ಲಿ ಎರಡು ಮರಿಗಳು ಇದ್ದವು.” ಎಲ್ಲೂ ಅಕ್ಷರ ಹಾರಲಿಲ್ಲ. ಪುಟ ತಿರುಗಿಸಿ ಮುಂದಿನದನ್ನೂ ಓದಿದಳು.

ಒಳಗೆ ಮುದ್ದೆ ತಿರುವುವ ಸದ್ದು ನಿಂತಿತು. ವೇದಾವತಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

“ಏನ್ ಮಾಡುದ್ರಿ ಮಿಸ್ ಇವ್ಳಿಗೆ?”

“ಏನೂ ಇಲ್ಲಮ್ಮ. ನೀನೇ ನೋಡ್ತಿದ್ದೆಯಲ್ಲ. ಮರಳಲ್ಲಿ ಬರೆಸಿದೆ, ಬಾಯಲ್ಲಿ ಹೇಳಿಸಿದೆ.”

“ಅಷ್ಟೇನಾ?”

“ಅಷ್ಟೇ.”

“ನಂಗೂ ಅಷ್ಟೇ ಮಾಡಿದ್ರೆ ಬತ್ತಿತ್ತಾ?”

ಮೇಡಂ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಬರ್ತಿತ್ತಮ್ಮ,” ಎಂದರು. “ನಿನಗೆ ಇನ್ನೂ ಬೇಗ ಬರ್ತಿತ್ತು.”

ವೇದಾವತಿ ಬಾಗಿಲಲ್ಲೇ ಗೋಡೆಗೆ ಒರಗಿ ಕೂತಳು. ಇಷ್ಟು ತಿಂಗಳಲ್ಲಿ ಮೇಡಂ ಮುಂದೆ ಅವಳು ಕೂತದ್ದು ಅದೇ ಮೊದಲು.

“ಹದ್ನೇಳು ವರ್ಸ ಮಿಸ್,” ಎಂದಳು. “ನಾನು ದಡ್ಡಿ ಅಂದ್ಕೊಂಡೇ ಬದುಕುದ್ನಲ್ಲ! ಗಂಡ ಹೊಡುದ್ರೆ, ದಡ್ಡಿಗೆ ಇನ್ನೇನ್ ಸಿಕ್ತದೆ ಬುಡು ಅಂದ್ಕೊಂಡೆ. ಎಲ್ ಹೆಬ್ಬೆಟ್ಟು ಒತ್ತು ಅಂದ್ರೆ ಅಲ್ಲಿ ಒತ್ತುದೆ. ಒಂದಿನ ಒಂದ್ ಮಾತು ತಿರ್ಗಿ ಕೇಳ್ಲಿಲ್ಲ, ನಂಗೇನ್ ಗೊತ್ತಾಯ್ತದೆ ಅಂತ. ದೇವ್ರು ಕೊಟ್ಟ ತಲೆ ಅಂಗೆ, ಯಾರ್ ಏನ್ ಮಾಡಕಾಯ್ತದೆ ಅಂತ ಸುಮ್ಕಿದ್ದೆ. ಸುಮ್ಕಿರೋದು ಸುಲ್ಬ ಆಗಿತ್ತು ಮಿಸ್. ಈಗೆಂಗಿರ್ಲಿ ಯೋಳಿ?”

ಮೇಡಂ ಜಗಲಿಯಿಂದ ಎದ್ದು ಅವಳ ಹತ್ತಿರ ಹೋದರು.

“ನಿನಗೂ ಕಲಿಸ್ತೀನಿ ವೇದಾವತಿ, ಈಗಲೂ...”

“ಬ್ಯಾಡ.” ಅವಳು ಎದ್ದಳು. ದನಿ ಜೋರಾಗಿರಲಿಲ್ಲ. “ನನ್ ಮಗೂಗೆ ಬನ್ನಿ ಮಿಸ್, ಅದುನ್ನ ಅರ್ದಕ್ಕೆ ಕೈಬುಡ್ಬ್ಯಾಡಿ. ನನ್ ಕಣ್ಮುಂದೆ ಮಾತ್ರ ಬರ್ಬ್ಯಾಡಿ.”

ಹಿಟ್ಟಿನ ಕೈಯಲ್ಲೇ ಹಿತ್ತಲ ಬಾಗಿಲಿಂದ ಹೊರಟುಹೋದಳು. ಯಶಸ್ವಿನಿ ಪುಸ್ತಕ ಮಡಚಿ ನಮ್ಮಿಬ್ಬರ ಮುಖ ನೋಡಿದಳು. “ನಾನು ತಪ್ಪು ಓದಿದ್ನಾ?” ಎಂದು ಕೇಳಿದಳು.

“ಇಲ್ಲ ಮರಿ. ಒಂದೂ ತಪ್ಪಿಲ್ಲ,” ಎಂದರು ಮೇಡಂ.

ಮರುವರ್ಷ ಜೂನಿನಲ್ಲಿ ಯಶಸ್ವಿನಿ ನಾಲ್ಕನೇ ಕ್ಲಾಸಿಗೆ ಸೇರಿದಳು. ಈಗ ಐದರಲ್ಲಿದ್ದಾಳೆ. ಓದುವಾಗ ನಿಧಾನ, ಲೆಕ್ಕದಲ್ಲಿ ಮಾತ್ರ ಕ್ಲಾಸಿಗೇ ಮೊದಲು. ಅಮ್ಮನಿಗೂ ಕಲಿಸುತ್ತೇನೆಂದು ಮೇಡಂ ಮಗುವಿನ ಕೈಲಿ ಎರಡು ಸಲ ಹೇಳಿ ಕಳಿಸಿದರು. ಎರಡು ಸಲವೂ, “ಅಮ್ಮ ಏನೂ ಅನ್ನಲಿಲ್ಲ,” ಎಂದೇ ಉತ್ತರ ಬಂತು.

ಈಗ ಕೊರಟಗೆರೆಯಲ್ಲಿ, ಮಧುಗಿರಿಯಲ್ಲಿ ತರಬೇತಿ ನಡೆದರೆ ಮೇಡಂ ಅವರನ್ನೇ ಪಾಠ ಮಾಡಲು ಕರೆಯುತ್ತಾರೆ. ಹೋಗುತ್ತಾರೆ. ಸ್ಲೇಟನ್ನು ಕೊರಳಿಗೆ ಕಟ್ಟಿದ್ದನ್ನು ತಾವೇ, ಏನೂ ಮುಚ್ಚಿಡದೆ ಹೇಳುತ್ತಾರೆ. ಕೆಲವರು ಅಳುತ್ತಾರೆ. ಕೆಲವರು ಕೊನೆಯ ಸಾಲಿನಲ್ಲಿ ಮೊಬೈಲ್ ನೋಡುತ್ತಿರುತ್ತಾರೆ.

ಒಮ್ಮೆ ಹಾಗೆ ಮುಗಿಸಿ ಬರುವಾಗ ಬಸ್ಸಿನಲ್ಲಿ ಕೇಳಿದರು: “ಆ ಐದು ದಿನ ನನಗೆ ಮೊದಲನೇ ವರ್ಷವೇ ಸಿಕ್ಕಿದ್ದಿದ್ದರೆ, ಲೋಹಿತಾ?” ನಾನು ಕಿಟಕಿಯ ಕಡೆ ತಿರುಗಿದೆ.

ಭಾನುವಾರದ ಪ್ರಯಾಣ ನಿಂತಿಲ್ಲ. ಮೇಡಂ ಬಸ್ಸು ಬರುವ ಹೊತ್ತಿಗೆ ವೇದಾವತಿ ಎಲ್ಲಿಗೋ ಎದ್ದು ಹೋಗುತ್ತಾಳೆ, ಬಸ್ಸು ಹೋದ ಮೇಲೆ ಮನೆಗೆ ಬರುತ್ತಾಳೆ. ಎರಡು ವರ್ಷವಾಗುತ್ತಾ ಬಂತು. ಕಳೆದ ವಾರ ನಾನೂ ಹೋಗಿದ್ದೆ. ಜಗಲಿ ಗುಡಿಸಿ ಚಾಪೆ ಹಾಸಿತ್ತು, ಮಗು ಪುಸ್ತಕ ಹಿಡಿದು ಕೂತಿತ್ತು. ಮನೆಯೊಳಗೆ ಯಾರೂ ಇರಲಿಲ್ಲ.