ಹೂಜಿಯ ಮೇಲೆ ಹಾರಿದ ನೊರೆ

ಆಗ ನನ್ನ ಆಫೀಸು ಪೆರುಂಗುಡಿಯಲ್ಲಿತ್ತು. ಮೈಸೂರಿನಿಂದ ಚೆನ್ನೈಗೆ ಬಂದು ನಾಲ್ಕು ವರ್ಷವಾಗಿತ್ತು. ನನ್ನ ಹೆಂಡತಿ ತಿರುವಾನ್ಮಿಯೂರಿನಲ್ಲಿ ಒಬ್ಬರ ಮನೆಯ ಹಿತ್ತಲ ಶೆಡ್ಡಿನಲ್ಲಿ ಶನಿವಾರ ನಡೆಯುತ್ತಿದ್ದ ಮಡಕೆ ಮಾಡುವ ಕ್ಲಾಸಿಗೆ ಸೇರಿದಳು. ಕೆಲವೇ ವಾರಗಳಲ್ಲಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡಳು. ಅವಳು ಮಾಡಿಟ್ಟಿದ್ದ ಪುಟ್ಟ ಕುಂಡ ಒಂದು ಸಲ ಸುಟ್ಟು, ಬಣ್ಣಕ್ಕೆ ಕಾಯುತ್ತಿತ್ತು.

"ನೀವೇ ಹೋಗಿ ಬಣ್ಣ ಹಾಕ್ಕೊಂಡು ಬನ್ರೀ. ಮಗೂನೂ ಕರ್ಕೊಂಡು ಹೋಗಿ," ಅಂದಳು.

"ನಂಗೆ ಗೋಡೆಗೆ ಸುಣ್ಣ ಹೊಡೆಯೋಕೂ ಬರಲ್ವಲ್ಲೇ."

"ಗೋಡೆಗಲ್ಲ, ಕುಂಡಕ್ಕೆ."

ಮಗಳಿಗೆ ಏಳು ವರ್ಷ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವವಳು. ಸ್ಕೂಟರಿನಲ್ಲಿ ಅವಳನ್ನು ಮುಂದೆ ನಿಲ್ಲಿಸಿಕೊಂಡು ಹೋದೆ. ಶೆಡ್ಡಿನಲ್ಲಿ ಐದಾರು ಹೆಂಗಸರಿದ್ದರು, ಗಂಡಸು ನಾನೊಬ್ಬನೇ. ನಮ್ಮ ಪಕ್ಕದ ಮೇಜಿನಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಬಿಳಿ ಹೂಜಿಯೊಂದರ ಮೇಲೆ ಸಣ್ಣ ಕುಂಚದಲ್ಲಿ ಮಲ್ಲಿಗೆ ಬಳ್ಳಿ ಬರೆಯುತ್ತಿದ್ದರು. ಮೂರು ಶನಿವಾರದಿಂದ ಅದೇ ಬಳ್ಳಿಯಂತೆ. ನಾನು ನಮಸ್ಕಾರ ಮಾಡಿದ್ದಕ್ಕೆ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು, ಅಷ್ಟೇ.

ಕಲಿಸುವ ಹೆಂಗಸು ನನ್ನನ್ನು ನೋಡಿದ ಕೂಡಲೇ ಕುಂಚ ನನ್ನ ಕೈಗಲ್ಲ ಎಂದು ತೀರ್ಮಾನಿಸಿರಬೇಕು. ಒಂದು ಲೋಟಕ್ಕೆ ನೀಲಿ ಬಣ್ಣ, ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ ಎರಡು ಸ್ಟ್ರಾ ಕೊಟ್ಟರು. ಊದಿದರೆ ನೊರೆ ಉಕ್ಕುತ್ತದೆ. ಕುಂಡವನ್ನು ಅದಕ್ಕೆ ತಾಗಿಸಬೇಕು. ಗುಳ್ಳೆ ಒಡೆದಲ್ಲೆಲ್ಲ ನೀಲಿ ಬಳೆಯಂಥ ಗುರುತು ಉಳಿಯುತ್ತದೆ.

"ಊದಬೇಕು ಪುಟ್ಟಿ, ಹೀರಬಾರದು," ಎಂದೆ ಮಗಳಿಗೆ.

"ಎನಕ್ಕು ತೆರಿಯುಂಪ್ಪಾ," ಎಂದಳು, ನನಗೆ ಗೊತ್ತು ಎನ್ನುವ ಗತ್ತಿನಲ್ಲಿ.

ಹೀರಿದ್ದು ನಾನು. ಮಾತಾಡುತ್ತ ಮಾತಾಡುತ್ತ, ಎಳನೀರು ಕುಡಿದ ಅಭ್ಯಾಸದಲ್ಲಿ ಒಂದು ಗುಟುಕು ಎಳೆದುಬಿಟ್ಟೆ. ಥೂ ಥೂ ಎಂದು ಉಗುಳುವಾಗ ಗಡ್ಡವೆಲ್ಲ ನೀಲಿ. ಮಗಳು ಸ್ಟ್ರಾ ಬಾಯಲ್ಲಿಟ್ಟುಕೊಂಡೇ ನಕ್ಕಳು. ಆ ನಗುವಿನ ರಭಸಕ್ಕೆ ಲೋಟದ ನೊರೆಯೆಲ್ಲ ಎಗರಿ ಪಕ್ಕದ ಮೇಜಿನ ಹೂಜಿಯ ಮೇಲೆ ಬಿತ್ತು.

ಮಲ್ಲಿಗೆ ಹೂಗಳ ಮೇಲೆ ಗುಳ್ಳೆಗಳು ಒಂದೊಂದಾಗಿ ಟಪ್ಪೆಂದು ಒಡೆಯುತ್ತಿದ್ದವು. ನನ್ನ ಹರುಕು ಮುರುಕು ತಮಿಳಿನಲ್ಲಿ "ಮನ್ನಿಚ್ಚಿಡುಂಗಮ್ಮಾ, ಮನ್ನಿಚ್ಚಿಡುಂಗ" ಎಂದು ಕ್ಷಮೆ ಕೇಳುತ್ತ ಒದ್ದೆ ಬಟ್ಟೆಯಿಂದ ಒರೆಸಹೋದೆ. ಒಂದು ಹೂ ಪೂರ್ತಿ ನೀಲಿಯಾಗಿ ಹರಡಿಕೊಂಡಿತು.

"ತೊಡಾದೀಂಗ!" ಮುಟ್ಟಬೇಡಿ ಎಂದು ಹೆಡ್‌ಮಿಸ್ಟ್ರೆಸ್ ಗದರಿದರು. ಶಾಲೆಯ ಮಕ್ಕಳು ಕೇಳಿರಬಹುದಾದ ಅದೇ ದನಿ. ನಾನು ಬಟ್ಟೆ ಹಿಡಿದು ನಿಂತೆ. ಮಗಳು ನನ್ನ ಹಿಂದೆ ಅಡಗಿದಳು.

ಆಕೆ ಹೂಜಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಬಗ್ಗಿ, ನನ್ನ ಬೆನ್ನ ಹಿಂದಿದ್ದವಳನ್ನು ಕರೆದರು.

"ಇಂಗೆ ವಾ ಕಣ್ಣಾ. ಇನ್ನೊರು ತಡವೆ ಊದು."

ಬಾ, ಇನ್ನೊಂದು ಸಲ ಊದು ಎಂದು. ಊದು ಎಂಬುದು ಎರಡು ಭಾಷೆಗೂ ಒಂದೇ. ಅವಳು ಕೆನ್ನೆಯುಬ್ಬಿಸಿ ಊದಿದಳು. ಆಕೆಯೇ ಹೂಜಿಯನ್ನು ನೊರೆಗೆ ಒಡ್ಡಿದರು. ಸ್ವಲ್ಪ ಹೊತ್ತಿಗೆ ನನ್ನ ಸ್ಟ್ರಾ ಕಿತ್ತುಕೊಂಡು ತೊಳೆದು, ತಾವೂ ಊದತೊಡಗಿದರು. ಇಬ್ಬರ ಮೂಗಿಗೂ ನೀಲಿ ಹತ್ತಿತು. ನಾನು ಕುಂಡ ಹಿಡಿದುಕೊಂಡು ನನ್ನ ಸರದಿಗೆ ಕಾದೆ.

ಮುಂದಿನ ವಾರ ಗಾಜಿನ ಹೊಳಪು ಬಳಿದು ಸುಟ್ಟ ಹೂಜಿ ಹೊರಬಂತು. ನೀಲಿ ಬಳೆಗಳ ನಡುವೆ ಬಳ್ಳಿ, ಹೊಳೆಯೊಳಗಿಂದ ಎದ್ದು ಬಂದ ಹಾಗೆ. ನನ್ನ ಕೈಯಲ್ಲಿ ಹಾಳಾದ ಹೂವೂ ಮೋಡದಂತೆ ಕಂಡಿತು. ನಮ್ಮ ಕುಂಡ ಮಾತ್ರ ಒಂದು ಬದಿ ಬೋಳು. ಮಗಳಿಗೆ ಅದರ ಬಗ್ಗೆ ಗಮನವೇ ಇರಲಿಲ್ಲ. ಹೆಡ್‌ಮಿಸ್ಟ್ರೆಸ್ ಆ ದಿನ ಹಳೇ ಪೆಟಿಕೋಟಿನ ಲೇಸು, ಚಕ್ಕುಲಿ ಒರಳಿನ ಬಿಲ್ಲೆಗಳನ್ನು ಚೀಲದಲ್ಲಿ ತಂದಿದ್ದರು, ಹಸಿ ಮಣ್ಣಿನ ಮೇಲೆ ಒತ್ತಿ ಅಚ್ಚು ಮೂಡಿಸಲು. ಇಬ್ಬರೂ ಒಂದೇ ಮೇಜಿಗೆ ಕೂತು, ಮಣ್ಣು ನಾದಿಕೊಡುವ ಕೆಲಸವನ್ನು ನನಗೆ ಹಚ್ಚಿದರು.